ಓಮ್ ಉಪಾಧ್ಯಾಯರೂ ಕಾರಿನ ಸಬ್‌ವೂಫರೂ

ಕಾರಿನ ಡಿಕ್ಕಿಯಲ್ಲಿ ಗುಡುಗುವ ಸಬ್‌ವೂಫರಿನ ಲೆಕ್ಕ ಆರಂಭವಾದದ್ದು ಒಬ್ಬ ಶಾಲಾ ಉಪಾಧ್ಯಾಯರಿಂದ. ಜರ್ಮನಿಯ ಕಲೋನ್ ನಗರದಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದ ಜಾರ್ಜ್ ಸೈಮನ್ ಓಮ್ 1827ರಲ್ಲಿ ವಿದ್ಯುತ್ ರೋಧದ ನಿಯಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಸ್ವದೇಶದಲ್ಲಿ ಅದಕ್ಕೆ ದೊರೆತದ್ದು ಉಪೇಕ್ಷೆ. ಮನನೊಂದ ಓಮ್ ಹುದ್ದೆಯನ್ನೇ ತೊರೆದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲೆ ಪದಕವಿತ್ತು ಗೌರವಿಸಿತು. ಮುಂದೆ ರೋಧದ ಮಾನಕ್ಕೆ ಅವರ ಹೆಸರೇ ಬಂದಿತು.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಚಲಿಸುವ ಸುರುಳಿಯ ಧ್ವನಿವರ್ಧಕವನ್ನು ವಿವರಿಸಿದರು. 1930ರಲ್ಲಿ ಮೋಟೊರೋಲಾ ರೇಡಿಯೋ ಕಾರನ್ನೇರಿತು. ಇವೆಲ್ಲವೂ ಓಮ್ ನಿಯಮಕ್ಕೆ ಅಧೀನ.

ತಲಾ 4 ಓಮ್‌ನ ಎರಡು ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದರೆ 8 ಓಮ್. ಸಮಾಂತರವಾಗಿ ಜೋಡಿಸಿದರೆ 2 ಓಮ್. ರೋಧ ಅರ್ಧವಾದರೆ ಅದೇ ವೋಲ್ಟೇಜಿಗೆ ವಿದ್ಯುತ್ ಪ್ರವಾಹ ಇಮ್ಮಡಿಯಾಗುತ್ತದೆ. 4 ಓಮ್‌ವರೆಗೆ ಮಾತ್ರ ತಾಳುವ ಆಂಪ್ಲಿಫೈಯರಿಗೆ 2 ಓಮ್ ಜೋಡಿಸಿದರೆ ಅದು ಕಾದು ಕೆಡಬಹುದು. ದುರ್ಬಲ ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿದರೂ ಧ್ವನಿ ವಿಕಾರಗೊಂಡು ಸ್ಪೀಕರಿನ ಸುರುಳಿ ಸುಟ್ಟೀತು.

ಆದುದರಿಂದ, ಮಿತ್ರರೇ, ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆಗೆ ಮರುಳಾಗದಿರಿ. ನಿರಂತರ ಶಕ್ತಿಯನ್ನು ಸೂಚಿಸುವ ಆರ್.ಎಂ.ಎಸ್. ಅಂಕಿಯನ್ನೂ ಓಮ್ ಅಂಕಿಯನ್ನೂ ಎರಡು ಕಡೆಯೂ ಹೋಲಿಸಿ ನೋಡಿ. ಅಂದು ಕಿವಿಗೊಡದವರು ನಷ್ಟ ಮಾಡಿದ್ದು ಉಪಾಧ್ಯಾಯರಿಗೆ. ಇಂದು ಕಿವಿಗೊಡದಿದ್ದರೆ ನಷ್ಟ ನಮ್ಮದೇ.