ಬಾಗಿದ ಮೊಣಕೈ, ತಗ್ಗಿದ ತಲೆ: ಹೆವಿವೇಟ್ ಬಾಕ್ಸರ್‌ಗಳ ಹೆಸರಾದ ಗುದ್ದುಗಳ ತೌಲನಿಕ ವಿವೇಚನೆ

ಹೆವಿವೇಟ್ ಬಾಕ್ಸರ್‌ಗಳಲ್ಲಿ ಯಾರ ಗುದ್ದು ದೊಡ್ಡದು ಎಂಬ ವಾದ ಬಹುಮಟ್ಟಿಗೆ ಬಲದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಬಲವನ್ನು ಅಳೆಯಲು ಬರುತ್ತದೆ ನಿಜ. ಬ್ರಿಟನ್ನಿನ ಫ್ರಾಂಕ್ ಬ್ರೂನೊ ಅವರ ಗುದ್ದಿನ ಅಳತೆ 1985ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು: ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಗರಿಷ್ಠ ಬಲ 4,096 ನ್ಯೂಟನ್. ಆದರೆ ಅಲ್ಲಿ ಏಟು ತಿಂದದ್ದು ತೂಗುಹಾಕಿದ ಒಂದು ಗುರಿ. ಅದು ತಲೆ ತಗ್ಗಿಸುವುದಿಲ್ಲ, ಹಿಂದೆ ಸರಿಯುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ಒಬ್ಬ ಬಾಕ್ಸರನಿಗೆ ಒಂದು ಗುದ್ದು ಹೆಸರು ತಂದುಕೊಡುವುದರಲ್ಲಿ ಅವನ ಬಲಕ್ಕಿಂತ ಅವನ ಮೈಯ ಮಿತಿಯ ಪಾಲು ಹೆಚ್ಚು, ಎದುರಾಳಿಯ ನಿಲುವಿನ ಪಾಲು ಅದಕ್ಕಿಂತಲೂ ಹೆಚ್ಚು ಎಂಬುದು ಈ ಲೇಖನದ ವಾದ.

ಇದಕ್ಕೆ ಬೇಕಾದ ಸಾಮಗ್ರಿಯನ್ನು ಹುಡುಕಿಕೊಂಡು ಎವರ್‌ಗ್ರೀನ್‌ನಲ್ಲಿರುವವರು ಬಹುದೂರ ಹೋಗಬೇಕಾಗಿಲ್ಲ. ಸ್ಯಾನ್ ಹೋಸೆಯ ಪೂರ್ವದ ಗುಡ್ಡಗಳ ಬುಡದಲ್ಲಿರುವ ಈ ಬಡಾವಣೆಯಿಂದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ ಕೆಲವೇ ಮೈಲಿ. 680ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಮೊದಲು ಪ್ಲೆಸೆಂಟನ್, ಅದೇ ದಾರಿಯಲ್ಲಿ ಇನ್ನೂ ಮುಂದೆ ಬೆನಿಶಿಯ. ಈ ಮೂರು ಊರುಗಳಿಗೂ ಹೆವಿವೇಟ್ ಚರಿತ್ರೆಯಲ್ಲಿ ಪಾಲುಂಟು.

ಬೆನಿಶಿಯದ್ದು ಎಲ್ಲಕ್ಕಿಂತ ಹಳೆಯದು. 1889ರ ಜೂನ್ 5ರಂದು ಅಲ್ಲಿಯ ನೀರಿನ ಮೇಲೆ, ಒಂದು ಸರಕು ದೋಣಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಹುಡುಗರು ಸೆಣಸಿದರು: ಬ್ಯಾಂಕ್ ಗುಮಾಸ್ತನಾಗಿದ್ದ ಜೇಮ್ಸ್ ಕಾರ್ಬೆಟ್ ಮತ್ತು ಜೋ ಚಾಯಿನ್‌ಸ್ಕಿ. ಚಾಯಿನ್‌ಸ್ಕಿಯ ಕೈಗೆ ಬಾಕ್ಸಿಂಗ್ ಗ್ಲೌಸ್ ಬದಲು ಕುದುರೆಗಾಡಿ ಓಡಿಸುವವರ ಚರ್ಮದ ಕೈಗವಸು ಬಂತು. ಅದರ ಹೊಲಿಗೆ ಕಾರ್ಬೆಟ್‌ನ ಮುಖವನ್ನು ಸೀಳುತ್ತಿತ್ತು. ಇತ್ತ ಕಾರ್ಬೆಟ್‌ನ ಕೈಗಳಿಗೂ ಪೆಟ್ಟಾಗಿತ್ತು. ಕೈ ನೇರ ಚಾಚಿ ಹೊಡೆದರೆ ಗೆಣ್ಣಿನ ನೋವು ತಡೆಯಲಾಗದ್ದರಿಂದ ಮೊಣಕೈ ಬಾಗಿಸಿ, ಸೊಂಟ ತಿರುಗಿಸಿ, ಪಕ್ಕದಿಂದ ಹೊಡೆದೆ, ಎಡಗೈ ಹುಕ್ ಹುಟ್ಟಿದ್ದೇ ಹಾಗೆ ಎಂಬುದು ಕಾರ್ಬೆಟ್‌ನ ಹೇಳಿಕೆ. ಪಂದ್ಯ 27ನೇ ಸುತ್ತಿನಲ್ಲಿ ಮುಗಿಯಿತು. ಹುಕ್ ಅಂದೇ ಹುಟ್ಟಿತು ಎಂಬ ಭಾಗವನ್ನು ನಾನು ಒಪ್ಪಲಾರೆ. ಮೊಣಕೈ ಬಾಗಿಸಿ ಹೊಡೆಯಲು ಮನುಷ್ಯನಿಗೆ 1889ರವರೆಗೆ ತೋಚಲಿಲ್ಲವೆಂದರೆ ನಂಬುವುದು ಕಷ್ಟ, ಅದರಲ್ಲೂ ಹೇಳುತ್ತಿರುವವನು ತನ್ನ ಕಥೆಯನ್ನೇ ಹೇಳುತ್ತಿರುವಾಗ. ಆದರೆ ಆ ಹೇಳಿಕೆಯೊಳಗಿನ ಕಾರಣ ಗಟ್ಟಿಯಾದದ್ದು: ನೋಯುವ ಕೈ ಬೇರೆ ದಾರಿ ಹಿಡಿಯುತ್ತದೆ.

ಜೋ ಫ್ರೇಜಿಯರ್ ಹೇಳಿದ್ದೂ ಇದೇ ಜಾತಿಯ ಕಥೆ. ಸೌತ್ ಕ್ಯಾರೊಲೈನಾದ ಹೊಲಮನೆಯಲ್ಲಿ ಹುಡುಗನಾಗಿದ್ದಾಗ ಹಂದಿ ಅಟ್ಟಿಸಿಕೊಂಡು ಬಂದು, ಬಿದ್ದು, ಎಡಗೈಗೆ ಪೆಟ್ಟಾಯಿತು. ಆ ಕೈ ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ನೆಟ್ಟಗಾಗದ ಎಡಗೈಯಿಂದ ಒಳ್ಳೆಯ ಜ್ಯಾಬ್, ಅಂದರೆ ಮುಂದಿನ ಕೈ ನೇರ ಚಾಚುವ ಗುದ್ದು, ಹೊಡೆಯಲಾಗದು, ಹುಕ್‌ಗೆ ಮಾತ್ರ ಅದು ಸದಾ ಸಿದ್ಧ. ಹುಕ್ ತಗುಲಬೇಕಾದರೆ ಎದುರಾಳಿಯ ಮಗ್ಗುಲಿಗೇ ನುಗ್ಗಬೇಕು. ಐದಡಿ ಹನ್ನೊಂದೂವರೆ ಇಂಚಿನ ಫ್ರೇಜಿಯರ್ ನುಗ್ಗುತ್ತಿದ್ದದ್ದು ತಲೆ ತಗ್ಗಿಸಿ, ಮಂಡಿ ಮಡಿಸಿ, ಮೇಲೆ ಕೆಳಗೆ ತೂಗುತ್ತ. 1971ರ ಮಾರ್ಚ್ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, 15ನೇ ಸುತ್ತಿನಲ್ಲಿ, ಮೊಹಮ್ಮದ್ ಅಲಿಯನ್ನು ಅಂಗಾತ ಕೆಡವಿದ್ದು ಹೀಗೆ ತಗ್ಗಿ ಎದ್ದು ಬಂದ ಎಡಗೈ.

ಎರಡು ವರ್ಷ ಕಳೆಯುವುದರೊಳಗೆ ಅದೇ ತಗ್ಗುವಿಕೆ ಅವನನ್ನು ಕೆಡವಿತು. 1973ರ ಜನವರಿ 22, ಕಿಂಗ್‌ಸ್ಟನ್. ಎದುರಿಗಿದ್ದ ಜಾರ್ಜ್ ಫೋರ್‌ಮನ್ ಟೆಕ್ಸಸ್‌ನ ಹುಡುಗನಾದರೂ ಬಾಕ್ಸಿಂಗ್ ಕಲಿತದ್ದು ಪ್ಲೆಸೆಂಟನ್ನಿನ ಜಾಬ್ ಕೋರ್ ಶಿಬಿರದಲ್ಲಿ, ಡಾಕ್ ಬ್ರಾಡಸ್ ಕೈಕೆಳಗೆ. ಅಂದು ಫೋರ್‌ಮನ್ ತೂಕ 217½ ಪೌಂಡ್, ಫ್ರೇಜಿಯರ್ 214. ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಎತ್ತರದಲ್ಲಿ, ಕೈಯ ಉದ್ದದಲ್ಲಿ ಇತ್ತು. ಪಂದ್ಯದ ಚಿತ್ರಿಕೆಯನ್ನು ನಿಧಾನಗತಿಯಲ್ಲಿ ನೋಡಿದರೆ ಫೋರ್‌ಮನ್ ಎರಡೂ ಅಂಗೈಗಳಿಂದ ಫ್ರೇಜಿಯರ್‌ನ ಭುಜಗಳನ್ನು ತಳ್ಳಿ ತನಗೆ ಬೇಕಾದಷ್ಟು ಅಂತರ ಮಾಡಿಕೊಳ್ಳುವುದು ಕಾಣುತ್ತದೆ. ಫ್ರೇಜಿಯರ್ ಮತ್ತೆ ತಗ್ಗಿ ಬರುತ್ತಾನೆ. ಬಲಗೈ ಅಪ್ಪರ್‌ಕಟ್ ಕೆಳಗಿನಿಂದ ಮೇಲೆದ್ದು ಆ ತಗ್ಗಿದ ಗಲ್ಲವನ್ನು ಎದುರುಗೊಳ್ಳುತ್ತದೆ. ಎರಡು ಸುತ್ತು, ಆರು ಸಲ ನೆಲಕ್ಕೆ. ಅಪ್ಪರ್‌ಕಟ್ ನೆಟ್ಟಗೆ ನಿಂತವನ ಮೇಲೆ ಹೊಡೆದರೆ ಹೊಡೆದವನಿಗೇ ಅಪಾಯ, ಏಕೆಂದರೆ ಕೈ ಕೆಳಗಿಳಿದಾಗ ಮುಖ ಬಯಲಾಗುತ್ತದೆ. ಬಾಗಿ ಬರುವವನ ಮೇಲೆ ಅದಕ್ಕಿಂತ ಒಳ್ಳೆಯ ಗುದ್ದಿಲ್ಲ. ಫ್ರೇಜಿಯರ್‌ನ ಹುಕ್ ದೊಡ್ಡದೋ ಫೋರ್‌ಮನ್‌ನ ಅಪ್ಪರ್‌ಕಟ್ ದೊಡ್ಡದೋ ಎಂದು ಕೇಳುವವರು ಮೊದಲನೆಯದನ್ನು ಹೊಡೆಯಲು ಬೇಕಾದ ನಿಲುವೇ ಎರಡನೆಯದಕ್ಕೆ ಗುರಿಯಾಯಿತೆಂಬುದನ್ನು ಮರೆಯುತ್ತಾರೆ.

ಅಲಿಯ ವಿಷಯದಲ್ಲಿ ಎಲ್ಲರೂ ಜ್ಯಾಬ್ ಹೆಸರು ಹೇಳುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಕ್ಯಾಸಿಯಸ್ ಕ್ಲೇ ಆಗಿ ಅವನು ಲೈಟ್ ಹೆವಿವೇಟ್ ಚಿನ್ನ ಗೆದ್ದಾಗ ಅಮೆರಿಕ ತಂಡದ ಕೋಚ್ ಆಗಿದ್ದವರು ಸ್ಯಾನ್ ಹೋಸೆ ಸ್ಟೇಟ್‌ನ ಜೂಲಿ ಮೆನೆಂಡೆಜ್. ಅವರ ಕಾಲೇಜು ತಂಡ 1958ರಿಂದ 1960ರವರೆಗೆ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಆದರೆ 1974ರ ಅಕ್ಟೋಬರ್ 30ರಂದು ಕಿನ್ಶಾಸದಲ್ಲಿ ಅಲಿ ಫೋರ್‌ಮನ್‌ನನ್ನು ಗಲಿಬಿಲಿಗೊಳಿಸಿದ್ದು ಜ್ಯಾಬ್‌ನಿಂದಲ್ಲ. ಮೊದಲ ಸುತ್ತಿನಲ್ಲೇ, ಎಡಗೈ ಮುನ್ಸೂಚನೆ ಕೊಡದೆ, ಹಿಂದಿರುವ ಬಲಗೈಯನ್ನು ನೇರ ಬಿಟ್ಟ. ಹಿಂಗೈ ದೂರ ಸಾಗಬೇಕಾದ್ದರಿಂದ ನುರಿತ ಬಾಕ್ಸರನ ಎದುರು ಅದನ್ನು ಮೊದಲು ಬಿಡುವುದು ದುಡುಕೆಂದೇ ಎಲ್ಲರೂ ಎಣಿಸುತ್ತಾರೆ. ಫೋರ್‌ಮನ್ ಕಾದಿದ್ದದ್ದು ಜ್ಯಾಬ್‌ಗೆ.

ಮೈಸೂರಿನ ವಜ್ರಮುಷ್ಟಿ ಕಾಳಗದೊಡನೆ ಹೋಲಿಸಿದರೆ ನಿಯಮದ ಪಾತ್ರವೂ ತಿಳಿಯುತ್ತದೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಗೆಣ್ಣಿಗೆ ವಜ್ರಮುಷ್ಟಿ ತೊಟ್ಟು ಸೆಣಸುತ್ತಾರೆ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯಿತು. ಅಲ್ಲಿ ಹೊಟ್ಟೆಗೆ ಗುದ್ದಿ ಗೆಲ್ಲುವ ಮಾತಿಲ್ಲ. ಬಾಕ್ಸಿಂಗ್‌ನಲ್ಲಿ ಹಾಗಲ್ಲ: 1897ರ ಮಾರ್ಚ್ 17ರಂದು ಕಾರ್ಸನ್ ಸಿಟಿಯಲ್ಲಿ, ಕಮ್ಮಾರಿಕೆಯಿಂದ ಬಂದ ಬಾಬ್ ಫಿಟ್ಜ್‌ಸಿಮನ್ಸ್ ತನಗಿಂತ ಭಾರದ ಕಾರ್ಬೆಟ್‌ನನ್ನು ಎದೆಗೂಡಿನ ಕೆಳಗಿನ ಕುಳಿಗೆ ಗುದ್ದಿ 14ನೇ ಸುತ್ತಿನಲ್ಲಿ ಉಸಿರಿಲ್ಲದಂತೆ ಕೂರಿಸಿದ. ಹತ್ತು ಎಣಿಸುವವರೆಗೆ ಏಳದಂತೆ ಮಾಡಿದರೆ ಸಾಕು ಎಂಬ ನಿಯಮವಿದ್ದಲ್ಲಿ ಮಾತ್ರ ಅಂಥ ಗುದ್ದು ಹೆಸರಾಗುತ್ತದೆ.

ಫೋರ್‌ಮನ್‌ನ ಕೊನೆಯ ದೊಡ್ಡ ಗೆಲುವು 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ. ಆ ಹೊತ್ತಿಗೆ ಅವನ ಕಾಲು ಓಡುತ್ತಿರಲಿಲ್ಲ, ಹಳೆಯ ಅಪ್ಪರ್‌ಕಟ್‌ಗೆ ತಲೆ ತಗ್ಗಿಸಿ ಬರುವವರೂ ಇರಲಿಲ್ಲ. ಚಾಂಪಿಯನ್ ಮೈಕಲ್ ಮೂರರ್ ಎಡಗೈ ಬಾಕ್ಸರ್. ಎಡಗೈಯವನ ಮುಂದೆ ಬಲಗೈಯವನ ನೇರ ಗುದ್ದಿಗೆ ದಾರಿ ತೆರೆದಿರುತ್ತದೆ. ಅಂಕಗಳಲ್ಲಿ ಮೂರರ್ ಮುಂದಿದ್ದ. ಫೋರ್‌ಮನ್‌ನ ಎದುರಿಗೇ ನಿಲ್ಲಬೇಡ, ಪಕ್ಕಕ್ಕೆ ಸರಿ ಎಂದು ಅವನ ಕೋಚ್ ಟೆಡ್ಡಿ ಅಟ್ಲಾಸ್ ಸಾರಿ ಸಾರಿ ಹೇಳಿದರು. ಹತ್ತನೇ ಸುತ್ತಿನಲ್ಲಿ ಮೂರರ್ ಎದುರಿಗೇ ನಿಂತಿದ್ದ. ಫೋರ್‌ಮನ್‌ನ ಬಲಗೈ ಸಾಗಿದ್ದು ಗೇಣುದ್ದದ ಹಾದಿ.