ಒಂದು ವಾರ ಮೂರು ತಿಂಗಳಾದ ಕಥೆ

ಅಂಗವಿಕಲರ ಪಿಂಚಣಿ ಯಾಕೆ ತಡ ಎಂದು ಕನಕಪುರದ ಕಡೆ ಕೇಳಿದರೆ ಎಲ್ಲರೂ ನಾಡಕಚೇರಿಯತ್ತ ಕೈ ತೋರಿಸುತ್ತಾರೆ. ನಾವು ಹಳೆಯ ನಿಯಮಗಳನ್ನು ತೆಗೆದು ನೋಡಿದೆವು. ಕಾಯುವುದು ಅದಕ್ಕೂ ಮೊದಲೇ, ಡಾಕ್ಟರ ಸರ್ಟಿಫಿಕೇಟಿನಿಂದಲೇ ಶುರುವಾಗುತ್ತದೆ.

1995ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಗುರುತಿಸಿತು. ಶೇ 40ರ ಗೆರೆ ಎಳೆದದ್ದೂ ಅದೇ. 2009ರಲ್ಲಿ ತಿದ್ದಿದ ನಿಯಮ, ಆದಷ್ಟು ಒಂದು ವಾರದಲ್ಲಿ, ತಡವಾದರೂ ಒಂದು ತಿಂಗಳೊಳಗೆ ಸರ್ಟಿಫಿಕೇಟ್ ಕೊಡಿ ಎಂದಿತು. 2016ರ ಕಾಯ್ದೆ 7 ಅನ್ನು 21 ಮಾಡಿತು, ಒಳ್ಳೆಯದೇ. ಆದರೆ 2017ರ ನಿಯಮದಲ್ಲಿ ವಾರದ ಮಾತು ಹೋಗಿ ತಿಂಗಳು ಮಾತ್ರ ಉಳಿಯಿತು. ಅರ್ಜಿ ಆನ್‌ಲೈನ್ ಆದ ಮೇಲೆ, 2024ರ ತಿದ್ದುಪಡಿಯಲ್ಲಿ, ಅದು ಮೂರು ತಿಂಗಳಾಯಿತು! ಕಂಪ್ಯೂಟರ್ ಬಂದು ಗಡುವು ಉದ್ದವಾದದ್ದು ಹೇಗೋ ನಮಗೆ ತಿಳಿಯದು. ಎರಡು ವರ್ಷದಲ್ಲಿ ತೀರ್ಮಾನವಾಗದಿದ್ದರೆ ಅರ್ಜಿಯೇ ನಿಷ್ಕ್ರಿಯ, ಮತ್ತೆ ಹಾಕಬೇಕು. ತಡ ಅವರದು, ಓಡಾಟ ನಮ್ಮವರದು.

2012ರಿಂದ ಸಕಾಲ ಇದೆಯಲ್ಲ ಎನ್ನುತ್ತೀರಿ. ಪಿಂಚಣಿ ಅರ್ಜಿಗೆ ಸರ್ಟಿಫಿಕೇಟ್ ಲಗತ್ತಿಸಬೇಕು, ಸಕಾಲದ ದಿನ ಎಣಿಸುವುದು ಆ ಅರ್ಜಿ ಕೊಟ್ಟ ಮೇಲೆ. ಮುಂಚೆ ಕಾಯ್ದ ತಿಂಗಳುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ಜಿಲ್ಲಾ ಕಚೇರಿಗಳು ಹತ್ತಿರ ಬಂದವು, ನಿಜ. ಸಂಗಮದ ಕಡೆಯ ಹಳ್ಳಿಯಿಂದ, ನಡೆಯಲಾಗದವರಿಗೆ, ರಾಮನಗರವೂ ದೂರವೇ. ಅರ್ಜಿ ಹಾಕಿದವರು ಸ್ವೀಕೃತಿ ಚೀಟಿ ಜೋಪಾನ ಮಾಡಿ. ಮೂರು ತಿಂಗಳು ಎಣಿಸಲು ಅದರ ಮೇಲಿನ ದಿನಾಂಕ ಬೇಕು.