ಹ್ಯಾನೋವರ್ ಕಂತು 14: ರಾಜನ ಒಡವೆ ಎಲ್ಲಿ ಹೋಯ್ತು?

ಹೋದ ಕಂತಲ್ಲಿ ಹೆರೆನ್‌ಹೌಸನ್ ತೋಟದ ಫೋಟೋ ಹಾಕಿದ್ದೆ. ಅದನ್ನ ನೋಡಿ ಪಾಂಡವಪುರದ ಅತ್ತೆ, "ತೋಟ ಏನೋ ಚೆಂದಾಗೈತೆ ಕಣವ್ವ, ರಾಜನ ಒಡವೆ ವಸ್ತ್ರನೆಲ್ಲ ಎಲ್ಲಿ ಮಡಗವ್ರೆ?" ಅಂತ ಕೇಳಿದ್ರು. ಉತ್ತರ ಸ್ವಲ್ಪ ಉದ್ದ ಇದೆ. ನೈಟ್ ಡ್ಯೂಟಿ ಮುಗಿದು ಎರಡು ದಿನ ರಜೆ ಸಿಕ್ಕಿದೆ, ಕೂತು ಬರೀತಿದೀನಿ. ಕಾಫಿ ಇಟ್ಕೊಂಡು ಓದಿ.

ಮೊದ್ಲು ರಾಜರು ಯಾರು ಅಂತ ಹೇಳ್ತೀನಿ. ಇವರದು ವೆಲ್ಫ್ ವಂಶ. 1714ರಲ್ಲಿ ಈ ಮನೆತನದ ಜಾರ್ಜ್ ಇಂಗ್ಲೆಂಡಿನ ರಾಜನಾದ. ಅಲ್ಲಿಂದ 1837ರವರೆಗೆ ಲಂಡನ್ನಿಗೂ ಹ್ಯಾನೋವರಿಗೂ ಒಬ್ಬನೇ ದೊರೆ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಸ್ವಾರಸ್ಯ ಇದೆ. ಎರಡನೇ ಮೈಸೂರು ಯುದ್ಧದ ಹೊತ್ತಲ್ಲಿ ಹ್ಯಾನೋವರಿನ ಎರಡು ರೆಜಿಮೆಂಟ್ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಮದ್ರಾಸಿಗೆ ಹೋಗಿದ್ವು, 1783ರ ಕಡಲೂರು ಕದನದಲ್ಲೂ ಇದ್ವು. ಅಂದ್ರೆ ನಾನೀಗ ದಿನಾ ಟ್ರಾಮ್ ಹತ್ತೋ ಊರಿನ ಹುಡುಗರು ಒಂದು ಕಾಲಕ್ಕೆ ನಮ್ಮ ಟಿಪ್ಪುವಿನ ಎದುರು ಪಕ್ಷದಲ್ಲಿ ನಿಂತಿದ್ರು!

ಈಗ ಒಡವೆ ವಿಷಯ. ಈ ವಂಶದ ಹೆಮ್ಮೆ ಅಂದ್ರೆ "ವೆಲ್ಫ್ ನಿಧಿ". ಇದು ಕಿರೀಟ, ಹಾರ ಅಲ್ಲ. ಸಂತರ ಮೂಳೆ, ಬಟ್ಟೆಯ ಚೂರು ಇಡೋಕೆ ಚಿನ್ನ ಬೆಳ್ಳಿಯಲ್ಲಿ ಮಾಡಿದ ಪೆಟ್ಟಿಗೆಗಳು, ಶಿಲುಬೆಗಳು, ಕೈ ಆಕಾರದ ಕೋಶಗಳು. ನಮ್ಮಲ್ಲಿ ಲಿಂಗ ಇಡೋ ಕರಡಿಗೆ ಇರುತ್ತಲ್ಲ, ಆ ಥರ ಅಂದ್ಕೊಳ್ಳಿ. ಬ್ರೌನ್‌ಶ್ವೈಗ್ ಊರಿನ ಸಂತ ಬ್ಲಾಸಿಯಸ್ ಚರ್ಚಿನಲ್ಲಿದ್ದ ಇವು 1671ರಲ್ಲಿ ಹ್ಯಾನೋವರಿನ ಡ್ಯೂಕ್ ಯೊಹಾನ್ ಫ್ರೀಡ್ರಿಷ್ ಕೈಗೆ ಬಂದು ಅರಮನೆಯ ಚರ್ಚು ಸೇರಿದ್ವು. 1803ರಲ್ಲಿ ನೆಪೋಲಿಯನ್ನನ ಸೈನ್ಯ ಬಂದಾಗ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ್ವು. ಯುದ್ಧ ಮುಗಿದ ಮೇಲೆ ವಾಪಸ್ ಬಂದ್ವು.

ಎರಡನೇ ಸಲ ಹೋದದ್ದು ಮಾತ್ರ ವಾಪಸ್ ಬರಲಿಲ್ಲ. 1866ರಲ್ಲಿ ಪ್ರಷ್ಯಾಕ್ಕೂ ಆಸ್ಟ್ರಿಯಾಕ್ಕೂ ಯುದ್ಧ. ಹ್ಯಾನೋವರಿನ ದೊರೆ ಐದನೇ ಜಾರ್ಜ್ ಆಸ್ಟ್ರಿಯಾ ಕಡೆ ನಿಂತ. ಈತನಿಗೆ ಕಣ್ಣು ಕಾಣ್ತಿರಲಿಲ್ಲ. ಜೂನ್ 27ಕ್ಕೆ ಲಾಂಗೆನ್‌ಸಾಲ್ಟ್ಸಾದಲ್ಲಿ ಇವನ ಸೈನ್ಯ ಗೆದ್ದಿತು, ಎರಡೇ ದಿನಕ್ಕೆ ಸುತ್ತುವರಿದ ಶತ್ರುಗಳಿಗೆ ಶರಣಾಯ್ತು. ರಾಜ್ಯ ಪ್ರಷ್ಯಾದ ಪಾಲಾಯ್ತು, ರಾಜ ಆಸ್ಟ್ರಿಯಾಕ್ಕೆ ದೇಶಾಂತರ ಹೋದ. ಬಿಸ್ಮಾರ್ಕ್ ಇವನ ಹಣವನ್ನ ಜಪ್ತಿ ಮಾಡಿ, ಅದರ ಬಡ್ಡಿಯಲ್ಲಿ ಪತ್ರಿಕೆಗಳವರನ್ನ ಕೊಂಡ. ಜನ ಅದಕ್ಕೆ "ಸರೀಸೃಪಗಳ ನಿಧಿ" ಅಂತ ಹೆಸರಿಟ್ರು. ಆದ್ರೆ ಪೆಟ್ಟಿಗೆ, ಶಿಲುಬೆಗಳು ರಾಜನ ಸ್ವಂತ ಆಸ್ತಿ ಅಂತ ಉಳಿದು, ಅವನ ಹಿಂದೆಯೇ ಆಸ್ಟ್ರಿಯಾಕ್ಕೆ ಹೋದ್ವು.

ಮೊದಲನೇ ಮಹಾಯುದ್ಧದ ಮೇಲೆ ಮನೆತನಕ್ಕೆ ದುಡ್ಡಿನ ಮುಗ್ಗಟ್ಟು ಬಂತು. 1929ರಲ್ಲಿ ಮೊಮ್ಮಗ ಎರ್ನ್‌ಸ್ಟ್ ಆಗಸ್ಟ್ 82 ವಸ್ತುಗಳನ್ನ ಫ್ರಾಂಕ್‌ಫರ್ಟಿನ ಯಹೂದಿ ವ್ಯಾಪಾರಿಗಳ ಕೂಟಕ್ಕೆ 75 ಲಕ್ಷ ಮಾರ್ಕಿಗೆ ಮಾರಿದ. ಅದೇ ವರ್ಷ ಜಗತ್ತಿನ ಮಾರುಕಟ್ಟೆ ಬಿತ್ತು. ವ್ಯಾಪಾರಿಗಳು ಅಮೆರಿಕಕ್ಕೆಲ್ಲ ಹೊತ್ಕೊಂಡು ಹೋಗಿ ಸುಮಾರು ಅರ್ಧದಷ್ಟು ಮಾರಿದ್ರು. ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 9 ತಗೊಂಡಿತು. ಉಳಿದ 42 ವಸ್ತುಗಳನ್ನ 1935ರಲ್ಲಿ ಪ್ರಷ್ಯಾ ಸರ್ಕಾರ 42.5 ಲಕ್ಷಕ್ಕೆ ಕೊಂಡಿತು. ಆಗ ಪ್ರಷ್ಯಾದ ಮುಖ್ಯಸ್ಥ ಗೋರಿಂಗ್, ಹಿಟ್ಲರನ ಬಲಗೈ. ಯಹೂದಿ ವ್ಯಾಪಾರಿ ನಾಜಿ ಸರ್ಕಾರದ ಎದುರು ಕೂತು ಎಷ್ಟರ ಮಟ್ಟಿಗೆ ಚೌಕಾಸಿ ಮಾಡೋಕಾಗುತ್ತೆ? ಜಗಳದ ಮೂಲವೇ ಇದು.

ವ್ಯಾಪಾರಿಗಳ ಮೊಮ್ಮಕ್ಕಳು, ಮರಿಮಕ್ಕಳು 2008ರಿಂದ ಕೇಳ್ತಿದಾರೆ. ಅದು ಬಲವಂತದ ಮಾರಾಟ ಅಲ್ಲ ಅಂತ 2014ರಲ್ಲಿ ಜರ್ಮನಿಯ ಸಲಹಾ ಸಮಿತಿ ಹೇಳಿತು. ಅವರು ಅಮೆರಿಕದ ಕೋರ್ಟಿಗೆ ಹೋದ್ರು. ಒಂದು ದೇಶ ತನ್ನದೇ ಪ್ರಜೆಗಳ ಆಸ್ತಿ ಕಿತ್ಕೊಂಡ್ರೆ ಆ ವಿಚಾರಣೆ ನಮ್ಮ ವ್ಯಾಪ್ತಿಗೆ ಬರಲ್ಲ ಅಂತ 2021ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಗಮನಿಸಿ, ಮಾರಾಟ ನ್ಯಾಯವಾಗಿತ್ತಾ ಅನ್ನೋದನ್ನ ಅದು ತೀರ್ಮಾನಿಸಲಿಲ್ಲ. ವಸ್ತುಗಳು ಬರ್ಲಿನ್ನಿನ ಮ್ಯೂಸಿಯಂನಲ್ಲೇ ಇವೆ.

ಇನ್ನೊಂದು ವಸ್ತುವಿನ ಕಥೆ ಇದಕ್ಕಿಂತ ವಿಚಿತ್ರ. ಸಿಂಹ ಹೈನ್ರಿಷ್ ಅನ್ನೋ ಪೂರ್ವಜ 12ನೇ ಶತಮಾನದಲ್ಲಿ ಹೆಲ್ಮಾರ್ಸ್‌ಹೌಸನ್ ಮಠದಲ್ಲಿ ಬರೆಸಿದ ಸುವಾರ್ತೆಯ ಪುಸ್ತಕ. ಚರ್ಮದ ಹಾಳೆ, 50 ಪೂರ್ಣಪುಟದ ಚಿತ್ರ, ತುಂಬ ಚಿನ್ನದ ಕೆಲಸ. ಐದನೇ ಜಾರ್ಜ್ 1861ರಲ್ಲಿ ಪ್ರಾಗ್‌ನಿಂದ ಕೊಂಡು ತಂದಿದ್ದ. ದೇಶಾಂತರದಲ್ಲಿ ಅದೂ ಜೊತೆಗೇ ಹೋಯ್ತು. ಎರಡನೇ ಮಹಾಯುದ್ಧ ಕಳೆದಾಗ ಎಲ್ಲಿದೆ ಅಂತ ವಿದ್ವಾಂಸರಿಗೇ ಗೊತ್ತಿಲ್ಲ. 1983ರ ಡಿಸೆಂಬರ್ 6ಕ್ಕೆ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಎದ್ದು ಬಂತು! ಮಾರಿದವರ ಹೆಸರು ಹೊರಗೆ ಬಿಡಲಿಲ್ಲ. ಜರ್ಮನಿಯ ಸರ್ಕಾರಗಳು, ಸಂಸ್ಥೆಗಳು ಒಟ್ಟು ಸೇರಿ 81.4 ಲಕ್ಷ ಪೌಂಡ್ ಕೊಟ್ಟು ಬಿಡಿಸ್ಕೊಂಡ್ವು. ಆ ಹೊತ್ತಿಗೆ ಜಗತ್ತಲ್ಲಿ ಯಾವ ಪುಸ್ತಕಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಈಗ ಇಲ್ಲಿಂದ ರೈಲಲ್ಲಿ ಸುಮಾರು ಒಂದು ಗಂಟೆ ದೂರದ ವೋಲ್ಫೆನ್‌ಬ್ಯೂಟಲ್ ಗ್ರಂಥಾಲಯದಲ್ಲಿದೆ. ಮೂಲವನ್ನ ಅಪರೂಪಕ್ಕೆ ಹೊರಗೆ ತೆಗೀತಾರೆ, ನಾನು ನೋಡಿದ್ದು ನಕಲು ಪ್ರತಿ. ಅದಕ್ಕೇ ಬಾಯಿ ತೆರೆದು ನಿಂತಿದ್ದೆ.

ಅರಮನೆ ಏನಾಯ್ತು ಅಂತ ಕೇಳ್ತೀರಾ? ಹೆರೆನ್‌ಹೌಸನ್ ಅರಮನೆ 1943ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯ್ತು. ಈಗ ಫೋಟೋದಲ್ಲಿ ಕಾಣೋದು 2013ರಲ್ಲಿ ತೆರೆದ ಹೊಸ ಕಟ್ಟಡ. ನಮ್ಮ ವಾರ್ಡಿನ ಅಜ್ಜಿಯೊಬ್ಬರು ಈಗಲೂ ಅದನ್ನ "ಹೊಸದು" ಅಂತಲೇ ಕರೀತಾರೆ.

ಇಷ್ಟೆಲ್ಲ ಓದುವಾಗ ಶ್ರೀರಂಗಪಟ್ಟಣವೇ ಕಣ್ಮುಂದೆ ಬರ್ತಿತ್ತು. 1799ರಲ್ಲಿ ಟಿಪ್ಪುವಿನ ಸಿಂಹಾಸನವನ್ನ ಸೈನ್ಯದವರು ಒಡೆದು ಹಂಚ್ಕೊಂಡ್ರು. ಅದರ ರತ್ನದ ಹುಮಾ ಪಕ್ಷಿ ಮೂರನೇ ಜಾರ್ಜನಿಗೆ ಹೋಯ್ತು, ಚಿನ್ನದ ಹುಲಿಯ ತಲೆ 1831ರಲ್ಲಿ ನಾಲ್ಕನೇ ವಿಲಿಯಮ್ಮನಿಗೆ. ಇಬ್ಬರೂ ಇದೇ ಹ್ಯಾನೋವರಿನ ದೊರೆಗಳೇ! ಎರಡೂ ಈಗ ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿವೆ. ಸಿಂಹಾಸನದ ಕಟಕಟೆಯ ಚಿಕ್ಕ ಹುಲಿತಲೆಗಳು ಒಂದೊಂದಾಗಿ ಲಂಡನ್ನಿನ ಹರಾಜಿಗೆ ಬರ್ತಿವೆ. 2021ರಲ್ಲಿ ಒಂದಕ್ಕೆ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶ ಬಿಟ್ಟು ಹೋಗದ ಹಾಗೆ ಬ್ರಿಟನ್ ಸರ್ಕಾರವೇ ತಾತ್ಕಾಲಿಕ ತಡೆ ಹಾಕಿತು. ನಮ್ಮೂರಿಂದ ಹೋದದ್ದು ಅವರ ದೇಶ ಬಿಡಬಾರದಂತೆ.

ಒಂದು ವ್ಯತ್ಯಾಸ ನನ್ನನ್ನ ಕಾಡ್ತಿದೆ. ವೆಲ್ಫ್ ನಿಧಿಗೆ 1482ರದ್ದೇ ಪಟ್ಟಿ ಇದೆ, 1697ರಲ್ಲಿ ಅಚ್ಚಾದ ವಿವರವೂ ಇದೆ. ಅದರಿಂದಲೇ ಯಾವ ವಸ್ತು ಎಲ್ಲಿಗೆ ಹೋಯ್ತು ಅಂತ ಇವತ್ತಿಗೂ ಬೆನ್ನು ಹತ್ತೋಕಾಗುತ್ತೆ. ಪಟ್ಟಿ ಇಲ್ಲದ್ದನ್ನ ಹುಡುಕೋದು ಹೇಗೆ?

ಅದಕ್ಕೇ ಊರಿನವರಿಗೆ, ಮುಖ್ಯವಾಗಿ ದೇವಸ್ಥಾನದ ಸಮಿತಿಯಲ್ಲಿರೋ ಚಿಕ್ಕಪ್ಪಂದಿರಿಗೆ ಒಂದು ಮಾತು. ಗುಡಿಯ ಉತ್ಸವಮೂರ್ತಿ, ಹಳೇ ಆಭರಣ, ತಾಮ್ರದ ಪಾತ್ರೆ ಎಲ್ಲದರ ಫೋಟೋ ತೆಗೆದು, ಅಳತೆ, ತೂಕ, ಮೇಲಿರೋ ಅಕ್ಷರ ಬರೆದು ಎರಡು ಮೂರು ಕಡೆ ಇಡಿ. ಯುಗಾದಿಗೆ ಮುಂಚೆ ಆ ಕೆಲಸ ಶುರು ಮಾಡಿದ್ರೆ ಟೈಪ್ ಮಾಡೋದು ನನ್ನ ಜವಾಬ್ದಾರಿ, ಇಲ್ಲಿಂದಲೇ ಮಾಡಿ ಕಳಿಸ್ತೀನಿ.

ಮುಂದಿನ ಕಂತಲ್ಲಿ ಇಲ್ಲಿನ ಕ್ರಿಸ್ಮಸ್ ಸಂತೆ. ಎಲ್ರೂ ಆರೋಗ್ಯ ನೋಡ್ಕೊಳ್ಳಿ, ಬಿಪಿ ಮಾತ್ರೆ ಮರೀಬೇಡಿ.